ಮಳೆಯ ಡಾಂಬರು ಮೊದಲು, ಕೆಸರು ಆಮೇಲೆ

ಮೇ ತಿಂಗಳ ಕೊನೆ ಬಂತೆಂದರೆ ಮೂಡಿಗೆರೆ, ಸಕಲೇಶಪುರ, ಕೊಪ್ಪ, ಸೋಮವಾರಪೇಟೆಯ ಟೈರ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ತೋಟದ ಹಳೆಯ ಜೀಪು, ಬೊಲೆರೊ ಪಿಕಪ್ಪು, ಈಚೆಗೆ ಕೊಂಡ ಥಾರ್, ಜಿಮ್ನಿ, ಇಸುಜು ವಿ-ಕ್ರಾಸ್ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಮಳೆ ಹಿಡಿಯುವ ಮೊದಲು ಟೈರ್ ಬದಲಾಯಿಸಬೇಕು. ಬಂದವರಲ್ಲಿ ಹೆಚ್ಚಿನವರ ಬೇಡಿಕೆ ಒಂದೇ: ‘ಒಳ್ಳೇ ಬಟನ್ ಇರೋ ಟೈರ್ ಕೊಡಿ ಅಣ್ಣ, ಎಂಥಾ ಕೆಸರಿದ್ರೂ ಹತ್ತಬೇಕು.’ ಅಂಗಡಿಯವರು ಗೋಡೆಗೆ ಒರಗಿಸಿಟ್ಟ ದಪ್ಪ ಬಟನ್‌ನ ಟೈರೊಂದನ್ನು ಉರುಳಿಸಿಕೊಂಡು ಬರುತ್ತಾರೆ. ಗಿರಾಕಿ ಬಟನ್‌ಗಳ ನಡುವೆ ಬೆರಳು ತೂರಿಸಿ ಆಳ ನೋಡುತ್ತಾರೆ, ರೇಟು ಕೇಳುತ್ತಾರೆ, ಒಪ್ಪುತ್ತಾರೆ.

ಈ ಗಾಡಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಕೆಸರಿನಲ್ಲಿ ಓಡುತ್ತದೆ, ಎಷ್ಟು ಡಾಂಬರಿನ ಮೇಲೆ ಓಡುತ್ತದೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ತೋಟದ ಗೇಟಿನಿಂದ ಮನೆಯವರೆಗೆ ಎರಡೋ ಮೂರೋ ಕಿಲೋಮೀಟರ್ ಕಚ್ಚಾ ರಸ್ತೆ ಇರಬಹುದು. ಆಮೇಲೆ ಸಂತೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವುದೆಲ್ಲ ಡಾಂಬರಿನಲ್ಲೇ. ಬೆಂಗಳೂರಿನಿಂದ ಶನಿವಾರ ನಸುಕಿಗೆ ಹೊರಟು ಮಲೆನಾಡಿಗೆ ಬರುವವರ ಲೆಕ್ಕವಂತೂ ಇನ್ನೂ ಒಂದು ಕಡೆಗೇ ವಾಲುತ್ತದೆ. ನಾಲ್ಕೈದು ಗಂಟೆ ಹೆದ್ದಾರಿ, ಅರ್ಧ ಗಂಟೆ ಕೆಸರು, ಮತ್ತೆ ನಾಲ್ಕೈದು ಗಂಟೆ ಹೆದ್ದಾರಿ.

ಹೆದ್ದಾರಿಗೂ ಕಾಡುದಾರಿಗೂ ಒಂದೇ ಟೈರ್ ಬೇಕು ಎನ್ನುವವರಿಗೆಂದೇ ಆಲ್ ಟೆರೇನ್, ಅಂದರೆ ಎಟಿ ಟೈರುಗಳಿವೆ. ಅವುಗಳಲ್ಲೂ ನೂರೆಂಟು ಬಗೆ. ಅದರಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಇದು: ಒದ್ದೆ ಡಾಂಬರಿನ ಮೇಲೆ ಗಾಡಿಯನ್ನು ನಿಲ್ಲಿಸುವ ಟೈರನ್ನು ಮೊದಲು ಹುಡುಕಿ, ಅಂಥವುಗಳಲ್ಲಿ ಕೆಸರಿಗೂ ಆಗಿಬರುವುದನ್ನು ಆಮೇಲೆ ಆರಿಸಿ. ಕೆಸರಿನಲ್ಲಿ ಹೂತುಕೊಂಡರೆ ಪಕ್ಕದ ತೋಟದಿಂದ ಟ್ರ್ಯಾಕ್ಟರ್ ಬರುತ್ತದೆ, ಹಗ್ಗ ಬರುತ್ತದೆ, ಅರ್ಧ ದಿನ ಹಾಳಾಗುತ್ತದೆ. ಶಿರಾಡಿಯ ಇಳಿಜಾರಿನಲ್ಲಿ ಎದುರಿನ ಲಾರಿ ಗಕ್ಕನೆ ನಿಂತಾಗ ನಮ್ಮ ಗಾಡಿ ನಿಲ್ಲದಿದ್ದರೆ ಹಾಳಾಗುವುದು ಅರ್ಧ ದಿನವಲ್ಲ.

ಹದಿನಾಲ್ಕು ಮೀಟರ್

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತಿರುತ್ತದೆ. ಬ್ರೇಕ್ ಒತ್ತಿದ ಮೇಲೆ ಅದು ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂಬುದು ಹೈಸ್ಕೂಲಿನಲ್ಲಿ ಓದಿದ ಘರ್ಷಣಾಂಕದ ಮೇಲೆ ನಿಂತಿದೆ. ರಬ್ಬರಿಗೂ ರಸ್ತೆಗೂ ನಡುವೆ ಆ ಅಂಕ 0.7 ಇದ್ದರೆ ಗಾಡಿ ಸುಮಾರು 36 ಮೀಟರಿಗೆ ನಿಲ್ಲುತ್ತದೆ. 0.5ಕ್ಕೆ ಇಳಿದರೆ 50 ಮೀಟರ್ ಬೇಕು. ಹದಿನಾಲ್ಕು ಮೀಟರ್ ವ್ಯತ್ಯಾಸ, ಎಂದರೆ ಒಂದು ಬಸ್ಸಿಗಿಂತ ಉದ್ದ. ಇನ್ನೂ ಎದೆ ಝಲ್ಲೆನಿಸುವ ಅಂಕಿ ಬೇರೆ ಇದೆ. ಮೊದಲ ಗಾಡಿ ಪೂರ್ತಿ ನಿಂತುಬಿಟ್ಟ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 43 ಕಿ.ಮೀ. ಇರುತ್ತದೆ. ವಿಷಯ ಸ್ಪಷ್ಟವಾಗಲೆಂದು ಹಿಡಿದ ಅಂಕಿಗಳು ಇವು, ಯಾವ ಕಂಪನಿಯ ಟೈರಿನವೂ ಅಲ್ಲ. ಆದರೆ ಹಿಡಿತ ಸ್ವಲ್ಪ ಕಡಿಮೆಯಾದರೆ ಏನಾಗುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಆ ಹಿಡಿತ ಬರುವುದು ಎಲ್ಲಿಂದ? ಟಾರು ರಸ್ತೆ ಕಣ್ಣಿಗೆ ಸಮವಾಗಿ ಕಂಡರೂ ಅದರ ಮೈಯೆಲ್ಲ ಸಣ್ಣ ಜಲ್ಲಿಯ ಉಬ್ಬುತಗ್ಗು. ರಬ್ಬರು ಆ ತಗ್ಗುಗಳಿಗೆ ಒತ್ತಿಕೊಂಡು ಇಳಿಯುತ್ತದೆ, ಹಿಡಿಯುತ್ತದೆ, ಬಿಡುತ್ತದೆ. ನೀರು ನಡುವೆ ನಿಂತರೆ ರಬ್ಬರು ಕಲ್ಲನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಟೈರ್ ಮೊದಲು ನೀರನ್ನು ಪಕ್ಕಕ್ಕೆ ತಳ್ಳಬೇಕು. ಆ ಕೆಲಸ ದೊಡ್ಡ ಕಾಲುವೆಗಳದು. ಅಷ್ಟಾದ ಮೇಲೂ ಕಲ್ಲಿನ ಮೈಗೆ ತೆಳ್ಳನೆಯ ನೀರಿನ ಪೊರೆ ಉಳಿದಿರುತ್ತದೆ. ಅದನ್ನು ಒರೆಸುವುದು ಬಟನ್‌ಗಳ ಮೇಲೆ ಬ್ಲೇಡಿನಿಂದ ಕೊಯ್ದ ಹಾಗಿರುವ ಸಣ್ಣ ಸೀಳುಗಳು. ಟೈರ್ ಕಂಪನಿಗಳವರು ಅವನ್ನು ಸೈಪ್ ಎನ್ನುತ್ತಾರೆ. ಪ್ರತಿ ಸೀಳಿನ ಅಂಚೂ ರಸ್ತೆಯನ್ನು ಒರೆಸುತ್ತ ಹೋಗುತ್ತದೆ. ಇದರ ಜೊತೆಗೆ ರಬ್ಬರಿನ ಪಾಕ ಮುಖ್ಯ. ಸಿಲಿಕಾ ಬೆರೆಸಿದ ರಬ್ಬರು ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಕಲ್ಲಿಗೆ ಕೊಯ್ದುಹೋಗಬಾರದೆಂದು ಗಟ್ಟಿಯಾಗಿ ಮಾಡಿದ ರಬ್ಬರು ಅಷ್ಟು ಹಿಡಿಯುವುದಿಲ್ಲ.

ಈಗ ಅಂಗಡಿಯ ಆ ದಪ್ಪ ಬಟನ್‌ನ ಟೈರನ್ನು ಇನ್ನೊಮ್ಮೆ ನೋಡಿ. ಬಟನ್‌ಗಳು ದೊಡ್ಡವು, ಅವುಗಳ ನಡುವಿನ ಜಾಗವೂ ದೊಡ್ಡದು. ಅಂದರೆ ರಸ್ತೆಗೆ ತಾಗುವ ರಬ್ಬರೇ ಕಡಿಮೆ. ಸೀಳುಗಳು ಬೆರಳೆಣಿಕೆಯಷ್ಟು. ಎತ್ತರದ ಬಟನ್ ಬ್ರೇಕ್ ಬಿದ್ದಾಗ ಬುಡದಿಂದ ಬಾಗುತ್ತದೆ, ತಿರುವಿನಲ್ಲಿ ಅಲುಗುತ್ತದೆ, ಸ್ಟೀರಿಂಗ್ ತಿರುಗಿಸಿದ್ದು ಚಕ್ರಕ್ಕೆ ತಲುಪುವುದು ಒಂದು ಕ್ಷಣ ತಡ. ಇದು ಎಂಟಿ, ಮಡ್ ಟೆರೇನ್ ಟೈರು. ಕೆಸರಿನಲ್ಲಿ ಇದರ ಸಮ ಇನ್ನೊಂದಿಲ್ಲ. ಆದರೆ ಆಗುಂಬೆಯಂಥ ಕಡೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ, ಪಾಚಿ ಹಿಡಿದ ಘಾಟಿಯ ತಿರುವಿನಲ್ಲಿ, ಇದನ್ನು ಹಾಕಿಕೊಂಡು ನಿಶ್ಚಿಂತೆಯಿಂದ ಇಳಿಯಲು ನನ್ನಿಂದಾಗದು.

ಎಂಟಿಯ ಎದುರು ತುದಿಯಲ್ಲಿರುವುದು ಎಚ್‌ಟಿ, ಹೈವೇ ಟೆರೇನ್. ಉದ್ದುದ್ದ ಕಾಲುವೆ, ತುಂಬ ಸೀಳು, ಸದ್ದಿಲ್ಲದ ಓಟ. ಶೋರೂಮಿನಿಂದ ಬರುವ ಎಷ್ಟೋ ಎಸ್‌ಯುವಿಗಳಿಗೆ ಇದೇ ಇರುತ್ತದೆ. ತೋಟದೊಳಗೆ ಗಟ್ಟಿ ಜಲ್ಲಿ ರಸ್ತೆ ಮಾಡಿಸಿಕೊಂಡವರಿಗೆ ಇದೇ ಸಾಕು. ಎಟಿ ಟೈರಿಗೆ ದುಡ್ಡು ಸುರಿಯಬೇಕಾಗಿಲ್ಲ. ಎಚ್‌ಟಿ, ಎಂಟಿಗಳ ನಡುವೆ ಇರುವುದು ಎಟಿ. ಅಮೆರಿಕದಲ್ಲಿ ಬಿಎಫ್ ಗುಡ್‌ರಿಚ್ ಕಂಪನಿ 1976ರಲ್ಲಿ ರೇಡಿಯಲ್ ಆಲ್ ಟೆರೇನ್ ಟೈರನ್ನು ಹೊರತಂದಿತು. ಮೆಕ್ಸಿಕೊದ ಬಾಹಾ ಮರುಭೂಮಿಯ ರೇಸುಗಳಲ್ಲಿ ಅದು ಪಳಗಿತು. ಅಲ್ಲಿಯವರೆಗೆ ಪಿಕಪ್ ಇಟ್ಟುಕೊಂಡವರು ಒಂದೋ ರಸ್ತೆಯ ಟೈರನ್ನೇ ನೆಚ್ಚಿಕೊಳ್ಳಬೇಕಿತ್ತು, ಇಲ್ಲವೇ ಗುಂಯ್‌ಗುಡುವ ಕೆಸರಿನ ಟೈರಿನಲ್ಲಿ ಹೆದ್ದಾರಿ ಓಡಬೇಕಿತ್ತು. ಈಗ ನಮ್ಮ ಅಂಗಡಿಗಳಲ್ಲಿ ಯೊಕೊಹಾಮಾ ಜಿಯೊಲ್ಯಾಂಡರ್, ಅಪೊಲೊ ಆಪ್‌ಟೆರಾ, ಎಂಆರ್‌ಎಫ್ ವಾಂಡರರ್, ಸಿಯೆಟ್ ಕ್ರಾಸ್‌ಡ್ರೈವ್ ಹೀಗೆ ಹತ್ತಾರು ಹೆಸರುಗಳಿವೆ.

ಎಲ್ಲ ಎಟಿಗಳೂ ಒಂದೇ ಅಲ್ಲ. ಕೆಲವು ಎಚ್‌ಟಿಯ ಕಡೆಗೆ ಒಲಿದಿರುತ್ತವೆ, ಕೆಲವು ಎಂಟಿಯ ಕಡೆಗೆ. ಹೆಸರು ನೋಡಿದರೆ ಇದು ತಿಳಿಯದು, ಟೈರನ್ನೇ ನೋಡಬೇಕು. ನಡುವಿನ ಬಟನ್‌ಗಳು ಒತ್ತಾಗಿ ಹೆಣೆದುಕೊಂಡಿವೆಯೇ, ಅವುಗಳ ಮೈಮೇಲೆ ಸೀಳುಗಳು ತುಂಬ ಇವೆಯೇ, ಆ ಸೀಳು ಬಟನ್‌ನ ಬುಡದವರೆಗೆ ಇಳಿದಿದೆಯೇ ಅಥವಾ ಮೇಲೆ ಮೇಲೆ ಗೀರಿದಂತಿದೆಯೇ? ಮೇಲೆ ಮೇಲೆ ಇದ್ದರೆ ಟೈರ್ ಅರ್ಧ ಸವೆಯುವಷ್ಟರಲ್ಲಿ ಸೀಳು ಮಾಯವಾಗಿ ಮಳೆಯಲ್ಲಿ ಅದರ ಗುಣವೇ ಬದಲಾಗಿರುತ್ತದೆ. ಅಂಚಿನ ಬಟನ್‌ಗಳ ನಡುವೆ ಮಾತ್ರ ಜಾಗ ಬಿಟ್ಟು ನಡುಭಾಗವನ್ನು ಒತ್ತಾಗಿ ಇಟ್ಟ ಎಟಿ ನಮ್ಮ ಮಳೆಗೆ, ನಮ್ಮ ದಾರಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಒದ್ದೆ ಹಿಡಿತವನ್ನು ಅಳೆದು ಹೇಳಿದ ಅಂಕ ಬೇಕೆನ್ನುವವರಿಗೆ ಒಂದು ದಾರಿ ಇದೆ. ಯುರೋಪಿನಲ್ಲಿ ಮಾರುವ ಟೈರಿಗೆ ಇಂಧನ, ಒದ್ದೆ ಹಿಡಿತ, ಸದ್ದು ಈ ಮೂರನ್ನೂ ತೋರಿಸುವ ಲೇಬಲ್ ಕಡ್ಡಾಯ. ಒದ್ದೆ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ. ನೀವು ನೋಡುತ್ತಿರುವ ಮಾಡೆಲ್ ಅಲ್ಲೂ ಮಾರಾಟದಲ್ಲಿದ್ದರೆ ಅದರ ದರ್ಜೆಯನ್ನು ಮೊಬೈಲಿನಲ್ಲೇ ಹುಡುಕಬಹುದು. ಅಳತೆ ಬದಲಾದರೆ ದರ್ಜೆಯೂ ಬದಲಾಗಬಹುದು, ಆದ್ದರಿಂದ ನಿಮ್ಮ ಅಳತೆಯದನ್ನೇ ನೋಡಬೇಕು. ಎಂಟಿ ಟೈರುಗಳಲ್ಲಿ ಹಲವನ್ನು ಅಲ್ಲಿನ ನಿಯಮ ವೃತ್ತಿಪರ ಆಫ್‌ರೋಡ್ ಟೈರುಗಳೆಂದು ಬೇರೆಯಾಗಿಟ್ಟಿದೆ, ಅವಕ್ಕೆ ಈ ಲೇಬಲ್ ಇರುವುದಿಲ್ಲ. ನಮ್ಮಲ್ಲೂ ಕೇಂದ್ರ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿ ಉರುಳುವ ಪ್ರತಿರೋಧ, ಒದ್ದೆ ಹಿಡಿತ, ಸದ್ದಿಗೆ ಮಿತಿ ಗೊತ್ತುಮಾಡಿದೆ. ಅದು ಪಾಸಾಗಲು ಬೇಕಾದ ಕನಿಷ್ಠ ಮಾತ್ರ. ಪಾಸಾದವರಲ್ಲಿ ಯಾರಿಗೆ ಎಷ್ಟು ಅಂಕ ಎಂಬುದು ಗಿರಾಕಿಗೆ ಅಂಗಡಿಯಲ್ಲೇ ಕಾಣುವಂತಾಗಬೇಕು. ಒಂದು ಫ್ರಿಜ್ಜಿಗೆ ನಕ್ಷತ್ರ ಎಣಿಸಿ ಕೊಳ್ಳುವ ನಾವು ಮನೆಮಂದಿಯನ್ನೆಲ್ಲ ಹೊತ್ತೊಯ್ಯುವ ಟೈರನ್ನು ಕಣ್ಣಂದಾಜಿನಲ್ಲಿ ಕೊಳ್ಳುವಂತಾಗಬಾರದು.

ಕೆಸರೆಲ್ಲ ಒಂದೇ ಅಲ್ಲ

ಹಾಗೆಂದು ಕೆಸರನ್ನು ಮರೆಯಲಾಗದು. ಆದರೆ ಯಾವ ಕೆಸರು ಎಂದು ಮೊದಲು ಕೇಳಿಕೊಳ್ಳಬೇಕು. ಮಲೆನಾಡಿನ ದಾರಿಗಳಲ್ಲಿ ಮೇಲೆ ನಾಲ್ಕು ಬೆರಳು ಕೆಂಪು ರಾಡಿ ಇದ್ದರೂ ಅದರಡಿಯಲ್ಲಿ ಸಾಮಾನ್ಯವಾಗಿ ಜಂಬಿಟ್ಟಿಗೆಯೋ ಗಟ್ಟಿ ಜಲ್ಲಿಯೋ ಇರುತ್ತದೆ. ಇಲ್ಲಿ ಕಿರಿದಾದ ಟೈರು ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ ಟೈರು ರಾಡಿಯ ಮೇಲೆಯೇ ತೇಲುತ್ತ ಜಾರುತ್ತದೆ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ಗಮನಿಸಿ. ಅವುಗಳ ಟೈರು ನೋಡಲು ಗತ್ತಿನದಲ್ಲ, ಅಗಲವೂ ಇಲ್ಲ. ಹಳೆಯ ಮಹೀಂದ್ರ ಜೀಪುಗಳಿಗೆ ಬರುತ್ತಿದ್ದ 6.00-16 ಅಳತೆಯ ಟೈರು ಕೇವಲ ಆರು ಇಂಚು ಅಗಲದ್ದು. ಚಾಲಕರು ಲೋ ಗೇರಿನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು, ಯಾವ ಕಲ್ಲಿನ ಮೇಲೆ ಯಾವ ಚಕ್ರ ಎಂದು ಲೆಕ್ಕ ಹಾಕುತ್ತ ಏರುತ್ತಾರೆ. ಆ ದಾರಿಯಲ್ಲಿ ಟೈರಿಗಿಂತ ಅವರ ಕಾಲೇ ಹೆಚ್ಚು ಕೆಲಸ ಮಾಡುತ್ತದೆ. ಅಲ್ಲಿಗೆ ಅಗಲದ ಟೈರು ಹಾಕಿಕೊಂಡು ಬಂದು ಗಾಡಿ ಕಿರುಚಿಸುವವರು ದಾರಿಯನ್ನೂ ಕೆಡಿಸುತ್ತಾರೆ, ಹಿಂದೆ ಬರುವವರ ಪಾಡನ್ನೂ ಕೆಡಿಸುತ್ತಾರೆ.

ಗದಗ, ಧಾರವಾಡ, ವಿಜಯಪುರದ ಎರೆ ಭೂಮಿಯ ಮಾತೇ ಬೇರೆ. ಒಣಗಿದಾಗ ಕಲ್ಲು, ಒಂದು ಮಳೆ ಬಿದ್ದರೆ ಅಂಟು. ಬಟನ್‌ಗಳ ನಡುವಿನ ಜಾಗವೆಲ್ಲ ರೊಟ್ಟಿ ಹಿಟ್ಟು ಮೆತ್ತಿದ ಕೈಯಂತಾಗಿ ಎರಡೇ ಸುತ್ತಿನಲ್ಲಿ ಟೈರು ನುಣ್ಣನೆಯ ಉರುಳೆಯಾಗುತ್ತದೆ. ಬಟನ್‌ಗಳ ನಡುವೆ ಅಗಲ ಜಾಗವಿದ್ದು ಚಕ್ರ ಬಿರುಸಾಗಿ ತಿರುಗಿದರೆ ಮಣ್ಣು ಸಿಡಿದು ಹೋಗುತ್ತದೆ. ಎಂಟಿ ಟೈರ್ ಕೆಸರಿನಲ್ಲಿ ಗೆಲ್ಲುವುದು ಈ ಗುಣದಿಂದ. ಆದರೆ ಎರೆಹೊಲದ ದಾರಿ ಪೂರ್ತಿ ನೆನೆದಿದ್ದರೆ ಎಟಿಯೂ ನಿಲ್ಲುತ್ತದೆ, ಎಂಟಿಯೂ ನಿಲ್ಲುತ್ತದೆ. ಅಲ್ಲಿನ ರೈತರು ಆ ದಿನ ಗಾಡಿಯನ್ನೇ ಇಳಿಸುವುದಿಲ್ಲ. ಅವರ ವಿವೇಕಕ್ಕೆ ಬದಲಾಗಿ ನಿಲ್ಲುವ ಟೈರನ್ನು ಯಾವ ಕಂಪನಿಯೂ ಮಾಡಿಲ್ಲ.

ಮರಳಿಗೆ ಬಂದರೆ ದೊಡ್ಡ ಬಟನ್ ಕೇಡೇ. ಅದು ಅಗೆಯುತ್ತದೆ, ಅಗೆದಷ್ಟೂ ಗಾಡಿ ಇಳಿಯುತ್ತದೆ. ಗಾಳಿ ಇಳಿಸಿದ ಎಟಿ ಟೈರು ಅಲ್ಲಿ ಎಂಟಿಗಿಂತ ಚೆನ್ನಾಗಿ ಸಾಗುತ್ತದೆ.

ಕಲ್ಲಿನ ದಾರಿಯಲ್ಲಿ ಚಿಂತಿಸಬೇಕಾದದ್ದು ಟೈರಿನ ಪಕ್ಕದ ಗೋಡೆಯ ಬಗ್ಗೆ. ತಳಕ್ಕೆ ಮೊಳೆ ಹೊಕ್ಕರೆ ಯಾವ ಪಂಚರ್ ಅಂಗಡಿಯಲ್ಲೂ ಹತ್ತು ನಿಮಿಷದ ಕೆಲಸ. ಪಕ್ಕ ಸೀಳಿದರೆ ಆ ಟೈರಿನ ಕತೆ ಮುಗಿಯಿತು, ಅದನ್ನು ಹಾಕಿಸಿದ ತಿಂಗಳೇ ಆಗಿದ್ದರೂ ಸರಿ. ಎಟಿ ಟೈರುಗಳಲ್ಲಿ ಕೆಲವಕ್ಕೆ ಅಂಚಿನ ಬಟನ್ ಪಕ್ಕದ ಗೋಡೆಯವರೆಗೂ ಇಳಿದಿರುತ್ತದೆ, ಒಳಗೆ ಇನ್ನೊಂದು ಪದರ ಹೆಚ್ಚಿರುತ್ತದೆ. ಕಲ್ಲಿನ ದಾರಿ ದಿನವೂ ಇರುವವರಿಗೆ ಇದು ನಿಜಕ್ಕೂ ಬೆಲೆ ಬಾಳುವ ಗುಣ.

ಗಾಳಿಯ ಕೆಲಸ

ಹೊಸ ಟೈರಿಗೆ ದುಡ್ಡು ಹಾಕುವ ಮೊದಲು ಎರಡು ಸಣ್ಣ ವಸ್ತುಗಳನ್ನು ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ: ನಂಬಬಹುದಾದ ಒಂದು ಗಾಳಿ ಮೀಟರ್, ಗಾಡಿಯ ಬ್ಯಾಟರಿಯಲ್ಲೇ ನಡೆಯುವ ಒಂದು ಕಂಪ್ರೆಸರ್. ಮೂವತ್ತೆರಡು ಪಿಎಸ್‌ಐ ಇದ್ದ ಟೈರನ್ನು ಇಪ್ಪತ್ತಕ್ಕೆ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಟೈರು ಕಲ್ಲಿನ ಆಕಾರಕ್ಕೆ ಬಾಗಿ ಅದನ್ನು ಅಪ್ಪಿ ಹಿಡಿಯುತ್ತದೆ. ಒಳಗೆ ಕೂತವರ ಸೊಂಟಕ್ಕೂ ಸುಖ. ಸಾಧಾರಣ ಎಟಿ ಟೈರಿನ ಗಾಳಿ ಇಳಿಸಿ ಹೋಗುವವರು, ದುಬಾರಿ ಟೈರಿನಲ್ಲಿ ಪೂರ್ತಿ ಗಾಳಿ ತುಂಬಿಕೊಂಡು ಹೋಗುವವರಿಗಿಂತ ಹೆಚ್ಚು ದೂರ ಹೋಗುತ್ತಾರೆ. ಹದಿನೈದಕ್ಕಿಂತ ಕೆಳಗೆ ಮಾತ್ರ ಇಳಿಸಬಾರದು, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಂಡೀತು. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು.

ಎಡವುವುದು ವಾಪಸು ಬರುವಾಗ. ಕತ್ತಲಾಗಿದೆ, ಮಳೆ ಬರುತ್ತಿದೆ, ಎಲ್ಲರಿಗೂ ಹಸಿವು. ಮುಂದಿನ ಬಂಕಿನಲ್ಲಿ ಗಾಳಿ ಹಾಕಿಸೋಣ ಎಂದು ಹೆದ್ದಾರಿಗೆ ಹತ್ತಿಬಿಡುತ್ತಾರೆ. ಕಡಿಮೆ ಗಾಳಿಯಲ್ಲಿ ಒದ್ದೆ ಹೆದ್ದಾರಿಗೆ ಹತ್ತುವುದು ಏಕೆ ಅಪಾಯ ಎಂಬುದಕ್ಕೆ ಒಂದು ಹಳೆಯ ಲೆಕ್ಕವಿದೆ. ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ 1960ರ ದಶಕದ ಆರಂಭದಲ್ಲಿ ವಿಮಾನದ ಟೈರುಗಳು ನೀರಿನ ಮೇಲೆ ತೇಲುವುದನ್ನು ಅಭ್ಯಾಸ ಮಾಡಿ ಒಂದು ಸೂತ್ರ ಕೊಟ್ಟರು. ಟೈರ್ ನೀರಿನ ಮೇಲೆ ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂಬುದು ಅದರ ಸಾರ. ಅದರಂತೆ 32 ಪಿಎಸ್‌ಐ ಇದ್ದ ಬೋಳು ಟೈರು ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ತೇಲತೊಡಗಿದರೆ, 20 ಪಿಎಸ್‌ಐ ಇದ್ದದ್ದು 75ರ ಆಸುಪಾಸಿನಲ್ಲೇ ತೇಲುತ್ತದೆ. ಕಾಲುವೆಗಳಿರುವ ನಮ್ಮ ಟೈರಿಗೆ ಈ ಅಂಕಿ ಯಥಾವತ್ತಾಗಿ ಹೊಂದದು, ಆದರೆ ದಿಕ್ಕು ಇದೇ. ತೇಲುವ ಟೈರಿಗೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಅದಲ್ಲದೆ ಗಾಳಿ ಕಡಿಮೆಯಿದ್ದ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚಿ ಕಾದುಹೋಗುತ್ತದೆ. ಹೊರಗೆ ಮಳೆಯಿದ್ದರೂ ಒಳಗಿನ ಪದರಗಳು ಬಿಡುವಷ್ಟು ಬಿಸಿಯಾಗಬಹುದು. ಆದ್ದರಿಂದ ಡಾಂಬರಿಗೆ ಹತ್ತುವ ಜಾಗದಲ್ಲೇ ನಿಲ್ಲಿಸಿ ಗಾಳಿ ತುಂಬಿಸಬೇಕು. ಎಷ್ಟು ಎಂಬುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿದೆ. ಟೈರಿನ ಮೈಮೇಲೆ ಬರೆದಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ಹಾಕಿಸುವವರು ಇವತ್ತಿಗೂ ಇದ್ದಾರೆ.

ಪಿಕಪ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅರವತ್ತು ಕೆಜಿಯ ಶುಂಠಿ ಮೂಟೆಗಳನ್ನು ಹೇರಿ ಹೋಗುವಾಗ ಹಿಂದಿನ ಟೈರಿಗೆ ಬೇಕಾದ ಗಾಳಿಯೇ ಬೇರೆ, ಖಾಲಿ ಬರುವಾಗ ಬೇಕಾದದ್ದೇ ಬೇರೆ. ಲೋಡಿಗೆ ತುಂಬಿಸಿದ ಗಾಳಿಯಲ್ಲೇ ಖಾಲಿ ಬಂದರೆ ಹಿಂಭಾಗ ಪುಟಿಯುತ್ತದೆ, ಒದ್ದೆ ತಿರುವಿನಲ್ಲಿ ಬಾಲ ಬೀಸುತ್ತದೆ. ಹಿಂದಿನ ಎರಡಕ್ಕೆ ರಿಸೋಲ್ ಹಾಕಿಸಿ ಕಾಲ ತಳ್ಳುವುದು ಬಾಡಿಗೆ ಗಾಡಿಯವರಲ್ಲಿ ಸಾಮಾನ್ಯ. ಅವರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಮುಂದಿನ ಎರಡಕ್ಕೆ ಮಾತ್ರ ಅದು ಬೇಡವೇ ಬೇಡ.

ಟೈರಿನ ಮೈಮೇಲಿನ ಬರಹ

ಒಂದು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಮೈಯನ್ನು ಓದಿ. 255/65 ಆರ್ 18 ಎಂದಿದೆ ಎನ್ನಿ. 255 ಮಿಲಿಮೀಟರ್ ಅಗಲ, ಗೋಡೆಯ ಎತ್ತರ ಅದರ ನೂರಕ್ಕೆ 65, ಎಂದರೆ 166 ಮಿ.ಮೀ.; ಆರ್ ಎಂದರೆ ರೇಡಿಯಲ್; 18 ಇಂಚಿನ ರಿಮ್ಮು. ಇದು 2020ರ ಥಾರ್ ಬಂದಾಗ ದೊಡ್ಡ ಮಾದರಿಗೆ ಕೊಟ್ಟ ಅಳತೆ. ಅದೇ ಗಾಡಿಯ ಇನ್ನೊಂದು ಮಾದರಿಗೆ 245/75 ಆರ್ 16 ಕೊಟ್ಟಿದ್ದರು. ಇದರ ಗೋಡೆ 184 ಮಿ.ಮೀ. ಎರಡೂ ಟೈರುಗಳ ಒಟ್ಟು ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, 789 ಮತ್ತು 774. ಆದರೆ ಚಿಕ್ಕ ರಿಮ್ಮಿನದಕ್ಕೆ 18 ಮಿ.ಮೀ. ಹೆಚ್ಚು ರಬ್ಬರಿನ ಗೋಡೆ ಸಿಗುತ್ತದೆ. ಗಾಳಿ ಇಳಿಸಿದಾಗ ಬಾಗಲು, ಗುಂಡಿಗೆ ಬಿದ್ದಾಗ ರಿಮ್ಮು ಉಳಿಯಲು ಅದೇ ಆಧಾರ. ದೊಡ್ಡ ರಿಮ್ಮು ನೋಡಲು ಚೆಂದ. ಕಾಡುದಾರಿಗೆ ಚಿಕ್ಕ ರಿಮ್ಮೇ ಮೇಲು, ಗಾಡಿ ಕೊಳ್ಳುವಾಗಲೇ ಇದನ್ನು ಯೋಚಿಸಿದರೆ ಆಮೇಲೆ ಖರ್ಚು ಉಳಿಯುತ್ತದೆ.

ಅಳತೆಯ ಪಕ್ಕದಲ್ಲಿ 109 ಎಸ್ ಎಂಬಂಥ ಗುರುತಿರುತ್ತದೆ. 109 ಎಂದರೆ ಒಂದು ಟೈರು 1030 ಕೆಜಿ ಹೊರಬಲ್ಲದು, ಎಸ್ ಎಂದರೆ ಗಂಟೆಗೆ 180 ಕಿ.ಮೀ.ವರೆಗಿನ ವೇಗಕ್ಕೆ ಅದನ್ನು ಪರೀಕ್ಷಿಸಿದೆ. ಹೊಸ ಟೈರಿನ ಭಾರದ ಅಂಕ ಮೂಲ ಟೈರಿಗಿಂತ ಕಡಿಮೆ ಇರಲೇಬಾರದು. ಅಳತೆಯ ಹಿಂದೆ ಎಲ್‌ಟಿ ಎಂದಿದ್ದರೆ ಅದು ಲೈಟ್ ಟ್ರಕ್ಕಿಗೆಂದು ಹೆಚ್ಚು ಪದರ ಕೊಟ್ಟು ಮಾಡಿದ ಟೈರು. ಭಾರ ಹೇರುವ ಹೈಲಕ್ಸ್, ವಿ-ಕ್ರಾಸ್‌ಗಳಿಗೆ, ಚೂಪು ಕಲ್ಲಿನ ದಾರಿಗೆ ಅದು ಸರಿ. ಹಗುರದ ಗಾಡಿಗೆ ಅದನ್ನು ಹಾಕಿಸಿದರೆ ಓಟ ಗಡುಸಾಗುತ್ತದೆ, ತೂಕ ಹೆಚ್ಚಿ ಮೈಲೇಜ್ ಇಳಿಯುತ್ತದೆ. ಇನ್ನೊಂದು ಗುಟ್ಟು: ಅಷ್ಟೇ ಭಾರ ಹೊರಲು ಎಲ್‌ಟಿ ಟೈರಿಗೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಹಾಕಿಸಿದ ದಿನವೇ ಎಷ್ಟು ಗಾಳಿ ಎಂದು ಕೇಳಿಕೊಂಡು ಬರಬೇಕು.

ಮೂರು ಶಿಖರದ ಬೆಟ್ಟದ ನಡುವೆ ಹಿಮದ ಹರಳು ಇರುವ ಚಿತ್ರವೊಂದನ್ನು ಕೆಲವು ಎಟಿ ಟೈರುಗಳ ಮೇಲೆ ಕಾಣಬಹುದು. ಹಿಮದ ಮೇಲಿನ ಎಳೆತದ ಪರೀಕ್ಷೆಯಲ್ಲಿ ಪಾಸಾದ ಗುರುತು ಅದು. ಲಡಾಖ್, ಸ್ಪಿತಿಗೆ ಹೋಗುವವರಿಗೆ ಉಪಯೋಗ. ನಮ್ಮ ಕೆಸರಿಗೂ ಆ ಗುರುತಿಗೂ ಸಂಬಂಧವಿಲ್ಲ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿಗಳನ್ನು ಮಾತ್ರ ತಪ್ಪದೆ ನೋಡಬೇಕು. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಹೆಚ್ಚು ಓಡದ ಅಳತೆಯ ಎಟಿ ಟೈರುಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ, ರಿಯಾಯಿತಿಯ ಹೆಸರಲ್ಲಿ ಅವೇ ಮೊದಲು ಹೊರಬರುತ್ತವೆ. ತೋಟದ ಗಾಡಿಗಳ ಪಾಡು ಇದರ ಇನ್ನೊಂದು ಮಗ್ಗುಲು. ಓಡುವುದು ಕಡಿಮೆ, ಬಟನ್ ಸವೆಯುವುದೇ ಇಲ್ಲ, ಏಳೆಂಟು ವರ್ಷವಾದರೂ ‘ಇನ್ನೂ ಒಳ್ಳೇ ಗ್ರಿಪ್ ಇದೆಯಲ್ಲ’ ಎನ್ನುತ್ತಾರೆ. ಬಟನ್ ಇದೆ, ಆದರೆ ರಬ್ಬರು ಗಟ್ಟಿಯಾಗಿ ಗೋಡೆಯಲ್ಲಿ ಕೂದಲೆಳೆ ಬಿರುಕು ಮೂಡಿರುತ್ತದೆ. ಗಟ್ಟಿಯಾದ ರಬ್ಬರು ಒದ್ದೆ ಟಾರನ್ನು ಹಿಡಿಯದು. ಸವೆತದ ಕಾನೂನುಬದ್ಧ ಕೊನೆ 1.6 ಮಿ.ಮೀ., ಕಾಲುವೆಯ ತಳದ ಸಣ್ಣ ದಿಮ್ಮಿ ಬಟನ್‌ನ ಮಟ್ಟಕ್ಕೆ ಬಂದರೆ ಅಲ್ಲಿಗೆ ಮುಟ್ಟಿದಂತೆ. ಮಲೆನಾಡಿನ ಮಳೆಗೆ ಅಲ್ಲಿಯವರೆಗೆ ಕಾಯುವುದು ತೀರಾ ಆಯಿತು. ಮೂರು ಮಿಲಿಮೀಟರ್ ಉಳಿದಾಗಲೇ ಬದಲಾಯಿಸುವುದು ಒಳ್ಳೆಯದು.

ಇನ್ನು ಅಳತೆ ಹೆಚ್ಚಿಸುವ ಆಸೆ. ಜಿಮ್ನಿಯ ಮೂಲ ಟೈರು 195/80 ಆರ್ 15, ಎತ್ತರ 693 ಮಿ.ಮೀ. ಹಲವರು ಹಾಕಿಸುವ 215/75 ಆರ್ 15 ಬರೀ ಹತ್ತು ಮಿಲಿಮೀಟರ್ ಎತ್ತರ, ಶೇಕಡ ಒಂದೂವರೆ ವ್ಯತ್ಯಾಸ. 235/75ಕ್ಕೆ ಹೋದರೆ ಸುಮಾರು ಶೇಕಡ ಆರು. ಆಗ ಗಾಡಿ ನಿಜವಾಗಿ ಮೊದಲಿಗಿಂತ ಶೇಕಡ ಆರು ಬಿರುಸಾಗಿ ಓಡುತ್ತಿದ್ದರೂ ಮೀಟರ್ ಮುಳ್ಳು ಕದಲುವುದಿಲ್ಲ. ಎಂಜಿನ್ನಿಗೆ ಎಳೆತ ಭಾರವಾಗುತ್ತದೆ, ಹೆಚ್ಚು ತೂಕದ ಚಕ್ರವನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕು ಹೆಣಗುತ್ತದೆ, ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದ ದಿನ ವಿಮಾ ಕಂಪನಿಯವರ ಮುಂದೆ ಉತ್ತರಿಸಬೇಕಾಗುವ ಪ್ರಶ್ನೆ ಇದು. ಕಂಪನಿಯೇ ನಿಮ್ಮ ಮಾದರಿಗೆ ಒಪ್ಪಿದ ಅಳತೆಯೊಳಗೆ ಒಳ್ಳೆಯ ಎಟಿ ಸಿಕ್ಕರೆ ಅಲ್ಲಿಗೇ ನಿಲ್ಲುವುದು ಮೇಲು. ನಾಲ್ಕೂ ಒಂದೇ ಅಳತೆ, ಒಂದೇ ಮಾದರಿಯವಾಗಿರಲಿ. ಎರಡು ಹೊಸದು, ಎರಡು ಸವೆದದ್ದು ಹಾಕಿಕೊಂಡು ಫೋರ್ ವೀಲ್ ಹಾಕಿದರೆ ಚಕ್ರಗಳ ಸುತ್ತಳತೆಯ ವ್ಯತ್ಯಾಸವನ್ನೆಲ್ಲ ಗೇರುಗಳು ತಾಳಬೇಕಾಗುತ್ತದೆ.

ಹೀಗೆಲ್ಲ ತೂಗಿ ನೋಡಿದರೆ ಹೆಚ್ಚಿನ ಮಲೆನಾಡಿಗರಿಗೆ, ವಾರದ ಕೊನೆಗೆ ಬರುವ ನಗರದವರಿಗೆ, ಮೂಲ ಅಳತೆಯ, ಸೀಳು ತುಂಬಿದ, ಎಚ್‌ಟಿಯ ಕಡೆ ಒಲಿದ ಎಟಿ ಸಾಕು. ದಿನವೂ ಕಲ್ಲಿನ ದಾರಿಯಲ್ಲಿ ಭಾರ ಹೊರುವ ಪಿಕಪ್ಪಿಗೆ ಎಲ್‌ಟಿ ಎಟಿ. ಎಂಟಿ ಬೇಕಾಗುವುದು ತೋಟ ಬಿಟ್ಟು ಹೊರಗೆ ಹೋಗದ ಜೀಪಿಗೆ, ಕೆಸರೇ ಕೆಲಸವಾದವರಿಗೆ. ಎಂಥ ಟೈರೇ ಇರಲಿ, ಅದಿದೆ ಎಂದು ಜಾಡು ಬಿಟ್ಟು ಇಳಿಯುವ ಹಕ್ಕು ಯಾರಿಗೂ ಬರುವುದಿಲ್ಲ. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದೊಳಗೆ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನಲ್ಲಿ ಒಂದು ಸಲ ಟೈರು ಗೀರಿದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಅದರಲ್ಲಿ ಮಣ್ಣು ತೊಳೆದುಹೋಗುತ್ತದೆ. ಮೇಲಿನ ಹುಲ್ಲು ಕೊಚ್ಚಿದರೆ ಕೆಳಗಿನ ತೊರೆ ಕೆಂಪಾಗುತ್ತದೆ. ಆ ನೀರನ್ನು ಕುಡಿಯುವವರು ಕೆಳಗಿನ ಊರಿನವರು.

ಹಾಕಿಸಿದ ಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. ಎಟಿ ಟೈರು ತಪ್ಪು ಅಲೈನ್‌ಮೆಂಟಿನಲ್ಲಿ ಗರಗಸದ ಹಲ್ಲಿನಂತೆ ಸವೆದು ಕೂಗತೊಡಗುತ್ತದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಜಾಗ ಬದಲಾಯಿಸಿ, ಆ ಸುತ್ತಿನಲ್ಲಿ ಸ್ಟೆಪ್ನಿಯನ್ನೂ ಸೇರಿಸಿಕೊಳ್ಳಿ. ಪಂಚರ್ ಕಿಟ್ಟೂ, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆಯೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಸಡಿಲವಾಗಿದೆ. ಊರೊಳಗೆ ಅದು ನಡೆದೀತು. ಪಕ್ಕದ ಗೋಡೆ ಸೀಳಿದಾಗ ಕಿಟ್ಟು ಏನೂ ಮಾಡಲಾರದು. ಚಾರ್ಮಾಡಿಯ ನಡುವೆಯೋ ಬಿಸಿಲೆಯ ಕಾಡಿನಲ್ಲೋ ಮೊಬೈಲ್ ಸಿಗ್ನಲ್ ಸಿಗದ ಕಡೆ ಬೇಕಾಗುವುದು ಉಳಿದ ನಾಲ್ಕರ ಅಳತೆಯದೇ ಐದನೆಯ ಟೈರು, ಅದರಲ್ಲಿ ಗಾಳಿ, ಮೆತ್ತನೆ ನೆಲದಲ್ಲಿ ಜ್ಯಾಕ್ ಹೂತುಹೋಗದಂತೆ ಅಡಿಗಿಡಲು ಒಂದು ಹಲಗೆ ತುಂಡು.